ಜಾರ್ಜಿಯಾದ ಗರಿಕೆಗೆ ತೆನೆ ಬಂದಾಗ

ಜೂನ್ ತಿಂಗಳ ಬಿಸಿಲಿಗೆ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿರುವ ನಮ್ಮ ಮನೆಯ ಮುಂದಿನ ಹುಲ್ಲುಹಾಸಿನ ತುಂಬ ತೆನೆ ಎದ್ದಿರುವುದನ್ನು ಕಂಡ ಪಕ್ಕದ ಮನೆಯ ಹಿರಿಯರು ಬೇಲಿಯಾಚೆಯಿಂದಲೇ, "ನಿಮ್ಮ ಹುಲ್ಲಿಗೆ ಹಸಿವಾಗಿದೆ" ಎಂದುಬಿಟ್ಟರು. ಸೋಮವಾರಪೇಟೆ ಕಡೆಯ ಕಾಫಿ ತೋಟದಲ್ಲಿ ಬೆಳೆದ ನನಗೆ ಗಿಡದ ಹಸಿವಿನ ಪಾಠವೇ ಎಂದು ಮುನಿಸು ಬಂದದ್ದು ನಿಜ.

ಇಲ್ಲಿಯ ಬರ್ಮುಡಾ ಹುಲ್ಲು ನಮ್ಮ ಗರಿಕೆಯೇ. ನಮ್ಮ ಅಂಗಳದಲ್ಲಿರುವುದು ಮಾತ್ರ ಇದೇ ರಾಜ್ಯದ ಟಿಫ್ಟನ್‌ನಿಂದ 1960ರಲ್ಲಿ ಬಿಡುಗಡೆಯಾದ ಟಿಫ್‌ವೇ ಎಂಬ ಮಿಶ್ರತಳಿ; ಅದು ತೆನೆ ಬಿಟ್ಟರೂ ಮೊಳೆಯುವ ಬೀಜ ಕಟ್ಟುವುದಿಲ್ಲ. ಬಿಸಿಲ ನಾಡಿನ ಹುಲ್ಲುಗಳು ಕಾಲ ಬಂದಾಗ ತೆನೆ ಬಿಡುವುದು ಸಹಜವಾದರೂ, ನೆಲದಲ್ಲಿ ಸಾರಜನಕ ಕಡಿಮೆಯಾದಾಗ, ನೀರು ಸಾಲದಾದಾಗ ಅಥವಾ ಯಂತ್ರವು ಬುಡದವರೆಗೆ ಬೋಳಿಸಿದಾಗ ಗರಿಕೆಯು ಎಲೆ ಬೆಳೆಸುವುದನ್ನು ಬಿಟ್ಟು ತೆನೆಯತ್ತ ಹೊರಳುತ್ತದೆ. ಮೊಂಡು ಅಲಗಿಗೆ ಆ ಗಟ್ಟಿ ದಂಟು ಕತ್ತರಿಸದೆ ಸೀಳುವುದರಿಂದ ಹಾಸೆಲ್ಲ ಬಿಳಿಚಿಕೊಂಡಂತೆ ಕಾಣುತ್ತದೆ. ನೆರೆಯವರ ಮಾತಿನಲ್ಲಿ ಹುರುಳಿತ್ತು.

ಆದರೆ ಅವರ ದನಿಯಲ್ಲಿದ್ದ ಮರುಕ ನನಗೆ ಹಿಡಿಸಲಿಲ್ಲ. ಕೊಡಗಿನಲ್ಲಿ ಕಾಫಿಯ ಮೊಗ್ಗು ಬೇಸಿಗೆಯ ಒಣ ದಿನಗಳಲ್ಲಿ ಬಾಯಾರಿಕೊಂಡು ಕಾದಿದ್ದು, ಮಾರ್ಚ್ ಅಥವಾ ಏಪ್ರಿಲ್‌ನ ಹೂಮಳೆ ಬಿದ್ದ ಮೇಲೆ, ಹೆಚ್ಚುಕಡಿಮೆ ಹತ್ತು ದಿನಗಳೊಳಗೆ, ತೋಟವೆಲ್ಲ ಬಿಳಿಯಾಗುವಂತೆ ಅರಳುತ್ತದೆ. ಆ ಬಾಯಾರಿಕೆ ಇಲ್ಲದಿದ್ದರೆ ಹೂವು ಒಟ್ಟಿಗೆ ಬರುವುದಿಲ್ಲವಾದ್ದರಿಂದ ಅಪ್ಪ ಒಣ ಫೆಬ್ರವರಿಯನ್ನು ಎಂದೂ ಬೈದವರಲ್ಲ. ಹೂವನ್ನೇ ನಂಬಿ ಬದುಕಿದವರ ಮನೆಯಿಂದ ಬಂದ ನನಗೆ, ಹೂ ಬಿಟ್ಟದ್ದನ್ನೇ ರೋಗವೆಂಬಂತೆ ನೋಡುವ ಈ ಊರಿನ ಶಿಸ್ತು ಇನ್ನೂ ಒಗ್ಗಿಲ್ಲ. ಅಮ್ಮನೂ ಗಣಪತಿಗೆಂದು ಗರಿಕೆ ಕೀಳುವಾಗ ತೆನೆ ಬಂದ ಕುಡಿಗಳನ್ನು ಬದಿಗಿಡುತ್ತಿದ್ದರು ಎಂಬುದು ಬೇರೆ ಮಾತು.

ಈ ಶಿಸ್ತು ಈಗ ನಮ್ಮ ಊರಿಗೂ ಕಾಲಿಟ್ಟಿದೆ. ಹೋಂಸ್ಟೇ ಕಟ್ಟುತ್ತಿರುವ ಚಿಕ್ಕಪ್ಪನ ಮಗ ಮೊನ್ನೆ ಕರೆ ಮಾಡಿ, ಅಂಗಳಕ್ಕೆ ಯಾವ ಹುಲ್ಲು ಹಾಕಿಸಿದರೆ ತೆನೆಯಿಲ್ಲದೆ ಹಸಿರಾಗಿರುತ್ತದೆ ಎಂದು ಕೇಳಿದ. ತೆನೆ ಕಡಿಮೆಯಾಗಬೇಕಾದರೆ ಹದವಾಗಿ ಗೊಬ್ಬರ ಕೊಟ್ಟು, ಬೇರಿಗಿಳಿಯುವಂತೆ ನೀರುಣಿಸಿ, ಹರಿತವಾದ ಅಲಗಿನಿಂದ ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದೆ ನೋಡಿಕೊಳ್ಳಬೇಕೆಂದು ಹೇಳಿದೆ. ಆ ನೀರು ಬೇಕಾಗುವುದು ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಇಡುವ ತಿಂಗಳುಗಳಲ್ಲೇ. ನಮ್ಮ ತೋಟಕ್ಕಿರುವುದು ಒಂದೇ ಕೆರೆ. ಮೊದಲು ಯಾವುದಕ್ಕೆ ಪೈಪು ಎಳೆಯುತ್ತೀಯ ಎಂದು ಕೇಳಿದ್ದಕ್ಕೆ ಅವನು ಇನ್ನೂ ಉತ್ತರ ಕೊಟ್ಟಿಲ್ಲ.