ಯೆಲ್ಲೊಸ್ಟೋನ್ ಒಳಗೆ ಸ್ನೋಮೊಬೈಲ್ ಬಿಡಬೇಕಾ, ಬೇಡವಾ?

ನಾನಿರುವುದು ಮೊಂಟಾನಾದಲ್ಲಿ. ಹಾಗಾಗಿ ನವೆಂಬರ್ ಬಂತೆಂದರೆ ಈ ಪ್ರಶ್ನೆ ತಪ್ಪುವುದಿಲ್ಲ. ಸಿಯಾಟಲ್ಲಿನ ಗೆಳೆಯರು ಕೇಳುತ್ತಾರೆ, ಕನ್ನಡ ಕೂಟದವರು ಕೇಳುತ್ತಾರೆ, ಮೈಸೂರಿನಿಂದ ಫೋನ್ ಮಾಡುವ ಚಿಕ್ಕಪ್ಪನೂ ಕೇಳುತ್ತಾರೆ: “ಅಲ್ಲಯ್ಯಾ, ನ್ಯಾಷನಲ್ ಪಾರ್ಕ್ ಅಂತೀರಿ, ಅದರೊಳಗೆ ಹಿಮದ ಮೇಲೆ ಬೈಕ್ ಓಡಿಸೋಕೆ ಬಿಡ್ತೀರಲ್ಲ, ಅದು ಸರೀನಾ? ನಮ್ಮ ಬಂಡೀಪುರದಲ್ಲಿ ರಾತ್ರಿ ಒಂಬತ್ತಾದರೆ ಗೇಟೇ ಹಾಕಿಬಿಡ್ತಾರೆ.”

ಇವತ್ತಿನ ನಿಯಮದಂತೆ ಬಿಡುವುದು ಸರಿ. 1990ರ ದಶಕದಲ್ಲಿ ಬಿಟ್ಟ ಹಾಗೆ ಬಿಟ್ಟಿದ್ದು ತಪ್ಪು. ಇದು ನನ್ನ ಉತ್ತರ. ಎರಡರ ನಡುವೆ ಸುಮಾರು ಹದಿನೈದು ವರ್ಷ ಕೋರ್ಟು ಕಚೇರಿ ಅಲೆದಾಟ ನಡೆದಿದೆ. ಅಷ್ಟೂ ಕಾಲ ಗಾಡಿ ಒಳಗೋ ಹೊರಗೋ ಎಂದು ಜಗಳವಾಡಿದರೇ ಹೊರತು, ಎಷ್ಟು ಗಾಡಿ, ಯಾವ ಎಂಜಿನ್, ಯಾರ ಹಿಂದೆ ಹೋಗಬೇಕು ಎಂದು ಕೇಳಿದವರು ಕಡಿಮೆ. ಕೊನೆಗೆ ಗಂಟು ಬಿಚ್ಚಿದ್ದು ಆ ಪ್ರಶ್ನೆಗಳಿಂದಲೇ.

ಸ್ನೋಮೊಬೈಲ್ ಒಳಗೆ ಬಂದ ಕತೆಯೇ ಸ್ವಲ್ಪ ತಮಾಷೆಯದ್ದು. ಯೆಲ್ಲೊಸ್ಟೋನ್ 1872ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಬಹುಭಾಗ ವಯೋಮಿಂಗಿನಲ್ಲಿದೆ, ಅಂಚುಗಳು ಮೊಂಟಾನಾ ಮತ್ತು ಐಡಹೊ ರಾಜ್ಯಗಳಿಗೆ ಚಾಚಿವೆ. ಇಲ್ಲಿಯ ಚಳಿ ಸಾಮಾನ್ಯದ್ದಲ್ಲ. 1933ರ ಫೆಬ್ರವರಿಯಲ್ಲಿ ಪಶ್ಚಿಮ ದ್ವಾರದ ಬಳಿ ಮೈನಸ್ 54 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಬಹುಕಾಲ ಚಳಿಗಾಲದಲ್ಲಿ ಒಳಗಿನ ರಸ್ತೆಗಳು ಹಿಮದಡಿ ಮಲಗಿರುತ್ತಿದ್ದವು. 1955ರಲ್ಲಿ ಸ್ನೋಕೋಚ್ ಬಂತು, ಅಂದರೆ ಚಕ್ರದ ಬದಲು ಪಟ್ಟಿ ತೊಡಿಸಿದ ವ್ಯಾನು. 1963ರಲ್ಲಿ ಮೊದಲ ಸ್ನೋಮೊಬೈಲ್‌ಗಳು ಬಂದವು.

ಅದೇ ಹೊತ್ತಿಗೆ ಸುತ್ತಲಿನ ಊರಿನವರು, ವ್ಯಾಪಾರಸ್ಥರು ಬೇರೆಯೇ ಬೇಡಿಕೆ ಇಟ್ಟಿದ್ದರು: ಹಿಮ ತೆಗೆದು ವರ್ಷಪೂರ್ತಿ ಕಾರು ಓಡುವಂತೆ ಮಾಡಿ. ಉದ್ಯಾನದ ಅಧಿಕಾರಿಗಳಿಗೆ ಅದು ಬೇಡವಾಗಿತ್ತು. ಹಿಮ ಗೋರಿದರೆ ರಸ್ತೆಯ ಎರಡೂ ಬದಿಗೆ ಆಳೆತ್ತರದ ಗೋಡೆ ಏಳುತ್ತದೆ. ಒಳಗೆ ಸಿಕ್ಕಿಬಿದ್ದ ಪ್ರಾಣಿಗೆ ದಾರಿಯಿಲ್ಲ, ಕಾರಿನಲ್ಲಿ ಕೂತವನಿಗೆ ಗೋಡೆ ಬಿಟ್ಟು ಏನೂ ಕಾಣುವುದಿಲ್ಲ. ಅದಕ್ಕಿಂತ ಹಿಮದ ಮೇಲೆಯೇ ಹೋಗುವ ಗಾಡಿ ವಾಸಿ ಎಂದು ಅವರು ತೀರ್ಮಾನಿಸಿದರು. 1971ರ ಹೊತ್ತಿಗೆ ಹಿಮದ ರಸ್ತೆಯನ್ನು ಯಂತ್ರದಿಂದ ಸಮ ಮಾಡಿ ಒತ್ತುವ ಕೆಲಸ ಶುರುವಾಯಿತು, ಓಲ್ಡ್ ಫೇತ್‌ಫುಲ್ ಎಂಬ ಬಿಸಿನೀರಿನ ಬುಗ್ಗೆಯ ಪಕ್ಕ ಚಳಿಗಾಲದ ವಸತಿಯೂ ತೆರೆಯಿತು. ಮುಂದೆ ಕಾಡಿನ ಶತ್ರು ಎಂದು ಬೈಸಿಕೊಂಡ ಗಾಡಿ ಒಳಗೆ ಕಾಲಿಟ್ಟಿದ್ದು ಕಾಡನ್ನು ಕಾರುಗಳಿಂದ ಕಾಪಾಡುವ ಉಪಾಯವಾಗಿ. ಇದನ್ನು ಹೇಳಿದರೆ ನಿಷೇಧವಾದಿ ಗೆಳೆಯರು ಒಂದು ಕ್ಷಣ ಸುಮ್ಮನಾಗುತ್ತಾರೆ.

ಆದರೆ ಸಂಖ್ಯೆಗೆ ಕಡಿವಾಣ ಹಾಕಲಿಲ್ಲ. 1990ರ ದಶಕದಲ್ಲಿ ದಿನಕ್ಕೆ ಸರಾಸರಿ 800ರ ಆಸುಪಾಸು ಗಾಡಿಗಳು, ರಜೆಯ ವಾರಾಂತ್ಯದಲ್ಲಿ ಸಾವಿರ ದಾಟುತ್ತಿದ್ದವು. ಹೆಚ್ಚಿನವು ವೆಸ್ಟ್ ಯೆಲ್ಲೊಸ್ಟೋನ್ ಊರಿನ ದ್ವಾರದಿಂದಲೇ. ಎಲ್ಲವೂ ಟೂ ಸ್ಟ್ರೋಕ್ ಎಂಜಿನ್. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಸಿಗ್ನಲ್‌ನಲ್ಲಿ ಆಟೋ ಹಿಂದೆ ನಿಂತವರಿಗೆ ಅದರ ನೀಲಿ ಹೊಗೆಯ ಪರಿಚಯವಿದೆ. ಈ ಎಂಜಿನ್ ಹಾಕಿದ ಪೆಟ್ರೋಲಿನಲ್ಲಿ ಸುಮಾರು ಕಾಲು ಭಾಗವನ್ನು ಸುಡದೆ ಹಾಗೆಯೇ ಹೊರಗೆ ಉಗುಳುತ್ತದೆ. ಗಾಳಿಯಾಡದ ಚಳಿಯ ಬೆಳಗಿನಲ್ಲಿ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡಿರುತ್ತದೆ, ಹೊಗೆ ಮೇಲೇಳುವುದಿಲ್ಲ. ಟಿಕೆಟ್ ಕೊಡುವ ಗೂಡಿಗೆ ಹೊರಗಿನ ಗಾಳಿಯನ್ನು ಪಂಪ್ ಮಾಡಬೇಕಾಯಿತು. 2002ರ ಸುಮಾರಿಗೆ ರೇಂಜರ್‌ಗಳು ಮಾಸ್ಕ್ ಹಾಕಿಕೊಂಡು ಗೇಟಿನಲ್ಲಿ ನಿಂತರು. ಅಮೆರಿಕದ ಹೆಮ್ಮೆಯ ಉದ್ಯಾನದ ಬಾಗಿಲಲ್ಲೇ ಕಾವಲುಗಾರನಿಗೆ ಉಸಿರಾಡಲು ಮಾಸ್ಕ್! ಆ ಫೋಟೋಗಳು ಮಾಡಿದ ಕೆಲಸವನ್ನು ಯಾವ ವರದಿಯೂ ಮಾಡಲಿಲ್ಲ.

ಕೋರ್ಟಿಗೆ ಹೋಗಲು ಕಾರಣವಾದದ್ದು ಮಾತ್ರ ಹೊಗೆಯಲ್ಲ, ಬೈಸನ್, ಅಂದರೆ ಇಲ್ಲಿಯ ಕಾಡುಕೋಣ. 1996–97ರ ಭೀಕರ ಚಳಿಗಾಲದಲ್ಲಿ ಮೇವಿಲ್ಲದೆ ಉದ್ಯಾನದಾಚೆ ಬಂದ ಬೈಸನ್‌ಗಳಲ್ಲಿ ಸಾವಿರಕ್ಕೂ ಹೆಚ್ಚನ್ನು ಕೊಲ್ಲಲಾಯಿತು. ದನಗಳು ಕಂದು ಹಾಕುವಂತೆ ಮಾಡುವ ಬ್ರುಸೆಲ್ಲೋಸಿಸ್ ರೋಗ ತಮ್ಮ ಮಂದೆಗೆ ಅಂಟುತ್ತದೆಂದು ಮೊಂಟಾನಾದ ದನಗಾರರಿಗೆ ಭಯ. ಸ್ನೋಮೊಬೈಲಿಗಾಗಿ ಒತ್ತಿದ ರಸ್ತೆಯೇ ಬೈಸನ್‌ಗಳಿಗೆ ಹೊರಹೋಗುವ ಹೆದ್ದಾರಿಯಾಯಿತು ಎಂದು ಪ್ರಾಣಿದಯಾ ಸಂಘಟನೆಯೊಂದು 1997ರಲ್ಲಿ ದಾವೆ ಹೂಡಿತು. ಮುಂದೆ ಸಂಶೋಧಕರು ವರ್ಷಗಟ್ಟಲೆ ಬೈಸನ್‌ಗಳ ಹಿಂದೆ ಬಿದ್ದು ನೋಡಿದಾಗ, ಅವು ಹೆಚ್ಚಾಗಿ ಹೊಳೆಯ ದಂಡೆ, ಕಣಿವೆಯ ಜಾಡು ಹಿಡಿದೇ ನಡೆಯುತ್ತವೆ, ಒತ್ತಿದ ರಸ್ತೆಯ ಪಾಲು ಅಂದುಕೊಂಡಷ್ಟು ದೊಡ್ಡದಲ್ಲ ಎಂದು ಕಂಡುಬಂತು. ಆದರೂ ಆ ದಾವೆಯ ರಾಜಿಯಿಂದಲೇ ಉದ್ಯಾನದ ಚಳಿಗಾಲದ ಬಳಕೆ ಪೂರ್ತಿ ಪರಿಶೀಲನೆಗೆ ಬಂತು.

ಆಮೇಲಿನದ್ದು ಹಗ್ಗಜಗ್ಗಾಟ, ಬೇಗ ಹೇಳಿಬಿಡುತ್ತೇನೆ. ಕ್ಲಿಂಟನ್ ಸರ್ಕಾರ ಹಂತಹಂತವಾಗಿ ಪೂರ್ತಿ ನಿಷೇಧ ಎಂದಿತು. ಗಾಡಿ ತಯಾರಕರು, ವಯೋಮಿಂಗ್ ರಾಜ್ಯ ಕೋರ್ಟಿಗೆ ಹೋದರು. ಬುಷ್ ಸರ್ಕಾರ ರಾಜಿ ಮಾಡಿಕೊಂಡು ದಿನಕ್ಕೆ 950 ಎಂದಿತು. 2003ರ ಡಿಸೆಂಬರ್ 16ರಂದು, ಹಂಗಾಮು ಶುರುವಾಗುವ ಹಿಂದಿನ ದಿನ, ವಾಷಿಂಗ್ಟನ್ನಿನ ನ್ಯಾಯಾಧೀಶ ಎಮೆಟ್ ಸಲಿವನ್ ಅದನ್ನು ರದ್ದು ಮಾಡಿ ಹಳೆಯ ನಿಷೇಧವನ್ನೇ ಮರಳಿ ತಂದರು. ಎರಡೇ ತಿಂಗಳಿಗೆ ವಯೋಮಿಂಗಿನ ನ್ಯಾಯಾಧೀಶ ಕ್ಲಾರೆನ್ಸ್ ಬ್ರಿಮ್ಮರ್ ನಿಷೇಧವನ್ನೇ ತಡೆಹಿಡಿದರು. ಮುಂದೆ 720 ಆಯಿತು, 540 ಎಂದರು, ಅದೂ ಬಿತ್ತು, 318ಕ್ಕೆ ಬಂತು. ಸಾಲ ಮಾಡಿ ಬಾಡಿಗೆ ಗಾಡಿ ಕೊಂಡು, ಈ ವರ್ಷ ಅಂಗಡಿ ತೆರೆಯಬೇಕೋ ಮುಚ್ಚಬೇಕೋ ಗೊತ್ತಾಗದೆ ಕೂತ ಊರಿನವರನ್ನು ನೆನೆದರೆ ನನಗೆ ಅವರ ಸಿಟ್ಟು ಅರ್ಥವಾಗುತ್ತದೆ.

ಆದರೆ ಈ ಗದ್ದಲದ ನಡುವೆ 2004ರಲ್ಲಿ ಬಂದ ಎರಡು ಷರತ್ತುಗಳು ಚಿತ್ರವನ್ನೇ ಬದಲಿಸಿದವು. ಒಂದು, ಹೊಗೆ ಮತ್ತು ಸದ್ದಿನ ಮಿತಿಯೊಳಗಿನ ಗಾಡಿಗಳಿಗೆ ಮಾತ್ರ ಪ್ರವೇಶ. ಅಂದರೆ ಬಹುಪಾಲು ಫೋರ್ ಸ್ಟ್ರೋಕ್. ಇನ್ನೊಂದು, ಗೈಡ್ ಇಲ್ಲದೆ ಯಾರೂ ಹೋಗುವಂತಿಲ್ಲ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು. ಗೈಡ್ ಮುಂದಿದ್ದರೆ ಯಾರೂ ಬೈಸನ್ ಹಿಂಡಿನ ಹಿಂದೆ ಗಾಡಿ ಓಡಿಸುವುದಿಲ್ಲ, ರಸ್ತೆ ಬಿಟ್ಟು ಬಯಲಿಗೆ ಇಳಿಯುವುದಿಲ್ಲ, ಬೈಸನ್ ರಸ್ತೆಗೆ ಬಂದರೆ ಎಂಜಿನ್ ಆರಿಸಿ ಕಾಯುತ್ತಾರೆ.

2013ರ ನಿಯಮ ಇನ್ನೂ ಒಂದು ಹೆಜ್ಜೆ ಹೋಗಿ, ಲೆಕ್ಕ ಹಾಕುವ ಅಳತೆಯನ್ನೇ ಬದಲಿಸಿತು. ಗಾಡಿಗಳನ್ನು ಒಂದೊಂದಾಗಿ ಎಣಿಸುವುದು ಬಿಟ್ಟು, ಒಟ್ಟಿಗೆ ಹೋಗುವ ಒಂದು ತಂಡವನ್ನು ಒಂದು ಸಂಚಾರವೆಂದು ಎಣಿಸಿದರು. ದಿನಕ್ಕೆ ಒಟ್ಟು 110 ಸಂಚಾರ, ಅದರಲ್ಲಿ ಸ್ನೋಮೊಬೈಲಿನದ್ದು 50 ಮೀರಬಾರದು, ಉಳಿದದ್ದು ಸ್ನೋಕೋಚಿಗೆ. ಒಂದು ತಂಡದಲ್ಲಿ ಗರಿಷ್ಠ 10 ಗಾಡಿ, ಹಂಗಾಮಿನ ಸರಾಸರಿ 7. ಇದರ ಹಿಂದಿನ ತರ್ಕ ನನಗೆ ಹಿಡಿಸಿತು. ಹತ್ತು ಗಾಡಿ ಬಿಡಿಬಿಡಿಯಾಗಿ ಹೋದರೆ ಪ್ರಾಣಿ ಹತ್ತು ಸಲ ತಲೆ ಎತ್ತಿ ನೋಡಬೇಕು. ಒಟ್ಟಿಗೆ ಹೋದರೆ ಒಂದೇ ಸಲ. ಸದ್ದು ಒಂದೇ ಬಾರಿಗೆ ಬಂದು ಹೋಗುತ್ತದೆ, ಆಮೇಲೆ ಬುಗ್ಗೆಗಳ ಕೊತಕೊತ ಕೇಳುವಷ್ಟು ಬಿಡುವು ಸಿಗುತ್ತದೆ. ಮಾಮೂಲಿ ವೇಗದಲ್ಲಿ 67 ಡೆಸಿಬೆಲ್ ದಾಟಬಾರದೆಂದೂ ನಿಗದಿಯಾಯಿತು.

“ಸ್ನೋಕೋಚ್ ಇದೆಯಲ್ಲ, ಬಸ್ಸಿನ ಹಾಗೆ ಎಲ್ಲರೂ ಅದರಲ್ಲೇ ಹೋಗಲಿ” ಎನ್ನುವವರಿಗೆ ಒಂದು ಮಾತು. ಅಳೆದು ನೋಡಿದಾಗ, ಹಳೆಯ ಕೆಲವು ಸ್ನೋಕೋಚ್‌ಗಳು ಪ್ರಯಾಣಿಕನೊಬ್ಬನ ಲೆಕ್ಕದಲ್ಲಿ ಹೊಸ ಫೋರ್ ಸ್ಟ್ರೋಕ್ ಸ್ನೋಮೊಬೈಲಿಗಿಂತ ಹೆಚ್ಚು ಹೊಗೆ ಬಿಡುತ್ತಿದ್ದವು. ಸದ್ದಿನಲ್ಲೂ ಸಾಚಾ ಆಗಿರಲಿಲ್ಲ. ಕೊನೆಗೆ ಅವಕ್ಕೂ ಮಿತಿ ಹಾಕಬೇಕಾಯಿತು.

ಈ ಏರ್ಪಾಡಿನಲ್ಲಿ ನನಗೆ ಒಪ್ಪಿಗೆಯಾಗದ ಸಂಗತಿ ದುಡ್ಡಿನದ್ದು. ಗೈಡ್, ಗಾಡಿ, ಬೆಚ್ಚನೆಯ ಬಟ್ಟೆಯ ಬಾಡಿಗೆ ಸೇರಿದರೆ ಒಂದು ದಿನಕ್ಕೆ ನೂರಾರು ಡಾಲರ್. ಬೇಸಿಗೆಯಲ್ಲಿ ಒಂದೇ ಕಾರಿನಲ್ಲಿ ಇಡೀ ಸಂಸಾರ ತುಂಬಿಕೊಂಡು ಬರುವವರು ಚಳಿಗಾಲದಲ್ಲಿ ಅಲ್ಲಿ ಕಾಣುವುದಿಲ್ಲ. ಕಾಡು ಉಳಿಯಿತು, ನೋಡುವವರ ಪಟ್ಟಿ ಕಿರಿದಾಯಿತು. ಪರಿಸರದವರೂ ವ್ಯಾಪಾರಸ್ಥರೂ ಈ ಬಗ್ಗೆ ಹೆಚ್ಚು ಮಾತಾಡುವುದಿಲ್ಲ.

ಇನ್ನು ಚಿಕ್ಕಪ್ಪನ ಬಂಡೀಪುರ. ಅಲ್ಲಿ 2009ರಲ್ಲಿ ಬಂದ ರಾತ್ರಿ ಸಂಚಾರ ನಿಷೇಧವನ್ನು 2010ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಅದು ಮೈಸೂರಿನಿಂದ ವಯನಾಡಿಗೆ ಹೋಗುವ ಹೆದ್ದಾರಿ. ಲಾರಿ ಚಾಲಕನಿಗೆ ಕಾಡು ನೋಡುವ ಆಸೆಯಿಲ್ಲ, ದಾಟಿದರೆ ಸಾಕು. ಇಲ್ಲಿಯದು ಕಾಡು ನೋಡಲೆಂದೇ ಬರುವವರ ರಸ್ತೆ. ಹಾಗಾಗಿ ಸ್ನೋಮೊಬೈಲನ್ನು ಹೋಲಿಸಬೇಕಾದದ್ದು ಬಂಡೀಪುರದ ಹೆದ್ದಾರಿಗಲ್ಲ, ಅರಣ್ಯ ಇಲಾಖೆಯ ಸಫಾರಿಗೆ. ಅಲ್ಲಿಯೂ ನಿಮ್ಮ ಕಾರು ಹೊರಗೆ, ಇಲಾಖೆಯ ಗಾಡಿಯಲ್ಲಿ ನೀವು. “ಹಾಗಾದರೆ ಸರಿ ಬಿಡು” ಎಂದರು ಚಿಕ್ಕಪ್ಪ. ಚಿಕ್ಕಮ್ಮ ಮಾತ್ರ ಹಿಂದಿನಿಂದ, “ಆ ಚಳೀಲಿ ಯಾರು ಹೋಗ್ತಾರೆ, ಬೇಸಿಗೇಲೇ ಹೋಗೋಣ” ಅಂದರು.

ಚಳಿಗಾಲದಲ್ಲೇ ಬರುವವರಿಗೆ ಎರಡು ಸಂಗತಿ. ಬಾಡಿಗೆ ಗೈಡ್ ಇಲ್ಲದೆಯೂ ಹೋಗುವ ದಾರಿ ಒಂದಿದೆ: ನಾಲ್ಕು ದ್ವಾರಗಳಿಂದ ದಿನಕ್ಕೆ ಒಂದೊಂದು ಖಾಸಗಿ ತಂಡಕ್ಕೆ, ಐದು ಗಾಡಿಯವರೆಗೆ, ಲಾಟರಿಯಲ್ಲಿ ಪರವಾನಗಿ ಕೊಡುತ್ತಾರೆ. ಅರ್ಜಿ ಸೆಪ್ಟೆಂಬರಿನಲ್ಲೇ ಹಾಕಬೇಕು, ಆನ್‌ಲೈನ್ ಪಾಠ ಮುಗಿಸಿ ಪ್ರಮಾಣಪತ್ರ ಪಡೆಯಬೇಕು. ಲಾಟರಿಯೂ ಬೇಡ, ಖರ್ಚೂ ಬೇಡ ಎಂದರೆ ಗಾರ್ಡಿನರ್ ಕಡೆಯ ಉತ್ತರ ದ್ವಾರದಿಂದ ಒಳಗೆ ಬನ್ನಿ. ಮ್ಯಾಮತ್‌ನಿಂದ ಕುಕ್ ಸಿಟಿವರೆಗಿನ ಆ ಒಂದು ರಸ್ತೆಯ ಹಿಮವನ್ನು ಚಳಿಗಾಲವಿಡೀ ತೆಗೆಯುತ್ತಾರೆ, ನಿಮ್ಮ ಕಾರಿನಲ್ಲೇ ಹೋಗಬಹುದು. ತೋಳ ನೋಡಲು ಜನ ದುರ್ಬೀನು ಹಿಡಿದು ನಿಲ್ಲುವ ಲಮಾರ್ ಕಣಿವೆ ಇರುವುದೂ ಆ ರಸ್ತೆಯಲ್ಲೇ. ಚಳಿಗಾಲದ ಟೈರ್ ಹಾಕಿಸಿಕೊಂಡು ಬನ್ನಿ, ಟ್ಯಾಂಕ್ ತುಂಬಿಸುವುದನ್ನು ಗಾರ್ಡಿನರ್‌ನಲ್ಲೇ ಮುಗಿಸಿಬಿಡಿ.