ಶಾಕುಹಾಚಿ ಎಂಬ ಜಪಾನಿ ಕೊಳಲಿಗೆ ಬಿದಿರು ಅಗೆಯಲು ಜಪಾನಿಗೆ ಹೋಗುವವರಿಗೆ

ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಚಳಿಗಾಲದಲ್ಲಿ ಬಿದಿರಿನಲ್ಲಿ ನೀರು, ಪಿಷ್ಟ ಕಡಿಮೆ. ಹುಳ ಬೀಳುವುದೂ ಕಡಿಮೆ. ನಾನು ಹೋಗಿದ್ದು ಜನವರಿಯಲ್ಲಿ, ಕ್ಯೋಟೋ ಹತ್ತಿರದ ಗುಡ್ಡಕ್ಕೆ.

ಕ್ಯೋಟೋದ ಅರಶಿಯಾಮದ ಬಿದಿರು ತೋಪು ನೋಡಲು ಮಾತ್ರ. ಅಗೆಯಲು ಖಾಸಗಿ ಜಮೀನು ಬೇಕು, ಮಾಲೀಕರ ಒಪ್ಪಿಗೆ ಬೇಕು. ನೋಡಿಕೊಳ್ಳುವವರಿಲ್ಲದೆ ಕಾಡು ಬಿದ್ದ ತೋಪುಗಳು ಅಲ್ಲಿ ಜಾಸ್ತಿ, ಹಾಗಾಗಿ ಒಪ್ಪುವವರು ಸಿಗುತ್ತಾರೆ. ಶಾಕುಹಾಚಿ ಮಾಡುವವರೊಬ್ಬರ ಮೂಲಕ ಕೇಳಿಸಿ.

ನಿಜವಾದ ಕೆಲಸ ಆರಿಸುವುದು. ನಮ್ಮ ಕೊಳಲಿಗೆ ಗೆಣ್ಣುಗಳ ನಡುವಿನ ತೆಳು ಬಿದಿರು ಸಾಕು. ಶಾಕುಹಾಚಿಗೆ ದಪ್ಪ ಗೋಡೆಯ ಬುಡವೇ ಬೇಕು, ಬೇರಿನ ಸಮೇತ. ಸಾಮಾನ್ಯ ಅಳತೆ 54.5 ಸೆಂ.ಮೀ., ಅಷ್ಟರಲ್ಲಿ ಏಳು ಗೆಣ್ಣು ಬರಬೇಕು. ಅಷ್ಟುದ್ದದ ಕೋಲೊಂದನ್ನು ಕೈಯಲ್ಲಿಟ್ಟುಕೊಂಡು ಬುಡಬುಡಕ್ಕೂ ಹಿಡಿದು ನೋಡಿ. ಜಾತಿ ಮದಾಕೆ. ಅದರ ಗೆಣ್ಣಿನಲ್ಲಿ ಎರಡು ಉಂಗುರ ಕಾಣುತ್ತವೆ. ಒಂದೇ ಇದ್ದರೆ ಅದು ‘ಮೋಸೋ’ ಎಂಬ ಬೇರೆ ಜಾತಿ, ಬಿಟ್ಟುಬಿಡಿ. ಗೆಣ್ಣಿನ ಕೆಳಗೆ ಬಿಳಿ ಪುಡಿ ಹೊಳೆಯುತ್ತಿದ್ದರೆ ಇನ್ನೂ ಎಳೆಯದು. ಮೂರರಿಂದ ಐದು ವರ್ಷ ಬಲಿತದ್ದೇ ಆಗಬೇಕು. ಇಡೀ ತೋಪು ಸುತ್ತಿದರೂ ಕೆಲವೇ ಸಿಗುತ್ತವೆ, ಆತುರ ಬೇಡ.

ಗರಗಸ, ಹಾರೆ ಅಲ್ಲೇ ಕೊಳ್ಳಿ. ಅಲ್ಲಿನ ಗರಗಸ ನಮ್ಮ ಕಡೆಗೆ ಎಳೆದಾಗ ಕುಯ್ಯುತ್ತದೆ. ನೆಲದೊಳಗೆ ಬೇರುಗಳು ಹೆಣೆದುಕೊಂಡಿರುತ್ತವೆ, ಸುತ್ತಲೂ ಅಗೆದು ಒಂದೊಂದಾಗಿ ಕತ್ತರಿಸಿ. ಸುಮ್ನೆ ಎಳೆದರೆ ಬುಡ ಸೀಳುತ್ತದೆ. ಕೊನೆಗೆ ಗುಂಡಿ ಮುಚ್ಚಿ.

ಆಮೇಲೆ ಕೆಂಡದ ಮೇಲೆ ತಿರುಗಿಸುತ್ತಾ ಕಾಯಿಸಬೇಕು. ಜಿಡ್ಡು ಮೇಲೆ ಬರುತ್ತದೆ, ಬಟ್ಟೆಯಿಂದ ಒರೆಸಬೇಕು. ನನಗೆ ತುಂಬಾ ಇಷ್ಟವಾದ ಹಂತ ಇದು. ಮುಂದೆ ಕೆಲವು ವಾರ ಬಿಸಿಲು. ಹಸಿರು ಹೋಗಿ ತಿಳಿ ಹಳದಿ ಬರುತ್ತದೆ. ಆಮೇಲೂ ವರ್ಷಗಟ್ಟಲೆ ನೆರಳಲ್ಲಿ ಒಣಗಬೇಕು. ಹೀಗಾಗಿ ಒಂದೇ ಕೊಳಲು ಸಾಕು ಅನ್ನುವವರು ಒಣಗಿದ ಬಿದಿರನ್ನೇ ಕೊಳ್ಳುವುದು ವಾಸಿ. ಅಗೆದವರು ಅದನ್ನು ಒಣಗಲು ಅಲ್ಲೇ ಗುರುತಿನವರ ಬಳಿ ಬಿಟ್ಟು ಬನ್ನಿ.

ಭಾರತಕ್ಕೆ ತರುವುದಾದರೆ ಸಸ್ಯ ಸಂಗರೋಧ (ಕ್ವಾರಂಟೈನ್) ನಿಯಮ ನೆನಪಿರಲಿ. ಇಲ್ಲಿನ ಆಮದು ಪರವಾನಗಿ, ಜಪಾನಿನ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕೇ ಎಂದು ಹೊರಡುವ ಮೊದಲೇ ಸಂಗರೋಧ ಕಚೇರಿಯಲ್ಲಿ ವಿಚಾರಿಸಿ. ವಿಮಾನ ನಿಲ್ದಾಣದಲ್ಲಿ ನಿಂತು ಇದನ್ನೆಲ್ಲ ಮಾಡಿಸಲು ಆಗುವುದಿಲ್ಲ.