ಪೆಟ್ಟಿಗೆ ಮೇಷ್ಟ್ರ ಹೆಸರು

ನಮ್ಮ ಮನೆಯ ಹಳೇ ಟ್ರಂಕಿನಲ್ಲಿ ಒಂದು ನಾಟಕದ ಕರಪತ್ರ ಇದೆ. ಗುಲಾಬಿ ಬಣ್ಣದ ತೆಳು ಕಾಗದ, ಮಡಿಚಿದ ಕಡೆಯೆಲ್ಲ ಹರಿದಿದೆ. ಸೋಮವಾರಪೇಟೆ ಹತ್ತಿರದ ನಮ್ಮೂರಿನ ಜಾತ್ರೆಯಲ್ಲಿ ಆಡಿದ 'ಕುರುಕ್ಷೇತ್ರ'. ದುರ್ಯೋಧನ ಯಾರು, ಶಕುನಿ ಯಾರು, ಸೀನರಿ ಯಾರದು, ಲೈಟು ಯಾರದು, ಎಲ್ಲ ಅಚ್ಚಾಗಿದೆ. ಕೊನೇ ಸಾಲಿನಲ್ಲಿ 'ಹಾರ್ಮೋನಿಯಂ: ಮೇಷ್ಟ್ರು'. ಅಷ್ಟೇ. ಆ ಮೇಷ್ಟ್ರು ನಮ್ಮಪ್ಪ. ಎರಡು ತಿಂಗಳು ದಿನಾ ಸಂಜೆ ಊರಿನವರಿಗೆ ಮಟ್ಟು ಕಲಿಸಿದವರು, ಬೆಳಗಾಗುವ ತನಕ ಕಾಲಲ್ಲಿ ತಿದಿ ಒತ್ತಿ ನುಡಿಸಿದವರು. ಬೆಳ್ಳಿ ಲೋಟ ದುರ್ಯೋಧನನಿಗೆ ಹೋಯಿತು. ಅಪ್ಪನಿಗೆ ಬೇಜಾರೇನೂ ಇರಲಿಲ್ಲ. ನನಗೆ ಇವತ್ತಿಗೂ ಇದೆ.

ಅದಕ್ಕೇ ಇರಬೇಕು, ಪುಲಿಟ್ಜರ್ ಗೆದ್ದ ಸಂಗೀತ ನಾಟಕಗಳ ಬಗ್ಗೆ ಓದುವಾಗ ನನ್ನ ಕಣ್ಣು ಮೊದಲು ಹೋಗಿದ್ದು 1932ರ ಕಡೆಗೆ. ಅಮೆರಿಕದ ಈ ನಾಟಕದ ಬಹುಮಾನ ಹಾಡಿನ ನಾಟಕಕ್ಕೆ ಸಿಕ್ಕಿರುವುದು ಹತ್ತೇ ಸಲ. ಮೊದಲನೆಯದು 'ಆಫ್ ದೀ ಐ ಸಿಂಗ್'. ಅಧ್ಯಕ್ಷರ ಚುನಾವಣೆಯನ್ನು ಗೇಲಿ ಮಾಡುವ ನಾಟಕ. ಮಾತು ಬರೆದ ಕಾಫ್‌ಮನ್ ಮತ್ತು ರಿಸ್ಕಿಂಡ್ ಅವರಿಗೆ, ಹಾಡಿನ ಸಾಹಿತ್ಯ ಬರೆದ ಐರಾ ಗೆರ್ಶ್ವಿನ್‌ಗೆ ಬಹುಮಾನ ಬಂತು. ಆ ಹಾಡುಗಳಿಗೆ ಮಟ್ಟು ಹಾಕಿದ ಅವನ ತಮ್ಮ ಜಾರ್ಜ್ ಗೆರ್ಶ್ವಿನ್‌ಗೆ ಇಲ್ಲ! ಇದು ಸಾಹಿತ್ಯದ ಬಹುಮಾನ, ಸಂಗೀತ ಲೆಕ್ಕಕ್ಕಿಲ್ಲ ಅಂದರಂತೆ. ಜಾರ್ಜ್ 1937ರಲ್ಲಿ ತೀರಿಕೊಂಡ. 1998ರಲ್ಲಿ, ಅವನು ಹುಟ್ಟಿ ನೂರು ವರ್ಷ ಆದಾಗ, ಒಂದು ವಿಶೇಷ ಪುಲಿಟ್ಜರ್ ಕೊಟ್ಟರು. ನಮ್ಮೂರ ನಾಟಕ ಮಂಡಳಿಗೂ ಇನ್ನೂ ಟೈಮ್ ಇದೆ ಅಂದುಕೊಂಡೆ.

ನನಗೆ ಇದರ ಹುಚ್ಚು ಹಿಡಿಸಿದ್ದು ತಂಗಿಯ ಮಗ. 2020ರ ಲಾಕ್‌ಡೌನಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಸಮೇತ ನಮ್ಮನೆಗೆ ಬಂದು ಕೂತಿದ್ದ. ಜುಲೈ ತಿಂಗಳು. ಹೊರಗೆ ಕೊಡಗಿನ ಮಳೆ, ಗಂಟೆಗೊಂದು ಸಲ ಕರೆಂಟ್ ಹೋಗುತ್ತೆ. "ದೊಡ್ಡಮ್ಮ, ಸುಮ್ನೆ ಹತ್ತು ನಿಮಿಷ ನೋಡಿ" ಅಂತ 'ಹ್ಯಾಮಿಲ್ಟನ್' ಹಾಕಿದ. ಅದು 2016ರಲ್ಲಿ ಗೆದ್ದಿದ್ದು. ನೆಟ್‌ವರ್ಕ್ ಕೈಕೊಟ್ಟು ಕೊಟ್ಟು, ಎರಡೂಮುಕ್ಕಾಲು ಗಂಟೆಯ ನಾಟಕ ನೋಡಿ ಮುಗಿಸಲು ಮೂರು ರಾತ್ರಿ ಬೇಕಾಯಿತು. ಮೊದಲ ರಾತ್ರಿ ಒಂದು ಮಾತೂ ತಲೆಗೆ ಹೋಗಲಿಲ್ಲ, ಅಷ್ಟು ವೇಗ. ಎರಡನೇ ರಾತ್ರಿ ಹೊಳೆಯಿತು: ಅರೆ, ಇದು ನಮ್ಮ ದುಡಿಕೊಟ್ಟ್ ಪಾಟ್ ಇದ್ದ ಹಾಗಿದೆಯಲ್ಲ! ಕೊಡವರ ಮನೆ ಮದುವೆಯಲ್ಲಿ, ಪುತ್ತರಿಯಲ್ಲಿ ಕೈಯಲ್ಲಿ ದುಡಿ ಹಿಡಿದು ಹಾಡುತ್ತಾರಲ್ಲ, ಹಾಗೆ. ಅಲ್ಲೂ ನಾಡಿನ ಕತೆ, ವೀರರ ಕತೆ ತಾಳದ ಮೇಲೇ ಓಡುತ್ತೆ. ಲಿನ್-ಮ್ಯಾನುಯೆಲ್ ಮಿರಾಂಡಾ ಮಾಡಿದ್ದೂ ಅದನ್ನೇ. ದಪ್ಪ ಜೀವನಚರಿತ್ರೆಯೊಂದನ್ನು ಓದಿ, ಅಮೆರಿಕದ ಮೊದಲ ಖಜಾನೆ ಮಂತ್ರಿಯ ಕತೆಯನ್ನು ರ‍್ಯಾಪ್‌ಗೆ ಕಟ್ಟಿದ. ಮಾತು, ಹಾಡು, ಮಟ್ಟು, ಮುಖ್ಯ ಪಾತ್ರ ಎಲ್ಲ ಅವನೇ. ಹಾಗಾಗಿ ಹೆಸರಿನ ತಕರಾರೇ ಇಲ್ಲ.

ಎಲ್ಲವೂ ನನಗೆ ಇಷ್ಟ ಅಂತೇನಿಲ್ಲ. 1950ರ 'ಸೌತ್ ಪೆಸಿಫಿಕ್' ಹಾಡು ಚೆಂದ, ಕತೆ ಈಗ ಹಳತಾಯಿತು. 1960ರ 'ಫಿಯೊರೆಲ್ಲೊ' ನ್ಯೂಯಾರ್ಕಿನ ಮೇಯರ್ ಒಬ್ಬರ ಕತೆ, ನನಗಂತೂ ನಿದ್ದೆ ಬಂತು. 'ಎ ಕೋರಸ್ ಲೈನ್' ಬೇರೆ ಥರ. ಹಿಂದಿನ ಸಾಲಿನಲ್ಲಿ ಕುಣಿಯುವವರು ಕೆಲಸಕ್ಕಾಗಿ ಆಯ್ಕೆಗೆ ನಿಲ್ಲುವ ಕತೆ. ನಿಜವಾದ ಡ್ಯಾನ್ಸರ್‌ಗಳನ್ನು ರಾತ್ರಿ ಕೂರಿಸಿಕೊಂಡು, ಅವರ ಬದುಕನ್ನು ಟೇಪಿನಲ್ಲಿ ಹಿಡಿದು ಕಟ್ಟಿದ್ದು. ತಮ್ಮ ಕತೆಗೆ ಅವರು ತಲಾ ಒಂದು ಡಾಲರ್‌ಗೆ ಸಹಿ ಹಾಕಿದ್ದರು. 1976ರಲ್ಲಿ ಪುಲಿಟ್ಜರ್ ಐದು ಜನರಿಗೆ ಬಂತು. ಕತೆ ಹೇಳಿದೆವು ಅಂತ ಆ ಡ್ಯಾನ್ಸರ್‌ಗಳಿಗೆ ಬರಲಿಲ್ಲ. ಇದನ್ನು ಓದಿದ ದಿನ ಟ್ರಂಕು ತೆಗೆದು ಕರಪತ್ರವನ್ನು ಇನ್ನೊಂದು ಸಲ ನೋಡಿದೆ.

ನನಗೆ ಎಲ್ಲಕ್ಕಿಂತ ಹತ್ತಿರದ್ದು 'ಸಂಡೇ ಇನ್ ದ ಪಾರ್ಕ್ ವಿತ್ ಜಾರ್ಜ್', 1985ರದ್ದು. ಜಾರ್ಜ್ ಅಂದರೆ ಇಲ್ಲಿ ಫ್ರಾನ್ಸಿನ ಚಿತ್ರಕಾರ ಸೊರಾ. ಹತ್ತು ಅಡಿ ಅಗಲದ ಬಟ್ಟೆಯ ಮೇಲೆ ಬರೀ ಚುಕ್ಕಿ ಚುಕ್ಕಿ ಇಟ್ಟು ನದಿ ದಡದ ಒಂದು ಭಾನುವಾರವನ್ನು ಬರೆದವನು. ನಾಟಕದಲ್ಲಿ ಅವನ ಪ್ರೇಯಸಿಯ ಹೆಸರೂ 'ಡಾಟ್', ಅಂದರೆ ಚುಕ್ಕಿ. ಅವಳು ಆಚೆ ಹೋಗೋಣ ಅಂತ ಕಾಯುತ್ತಾಳೆ, ಅವನು ಒಂದು ಟೋಪಿ ಬರೆದು ಮುಗಿಸುತ್ತಾ ಕೂರುತ್ತಾನೆ. ಅವಳು ಬಿಟ್ಟು ಹೋಗುತ್ತಾಳೆ. ಟೋಪಿ ಮುಗಿಯುತ್ತೆ. ಸೋಂಡ್‌ಹೈಮ್ ಕಟ್ಟಿದ ಹಾಡುಗಳೂ ಚುಕ್ಕಿ ಇಟ್ಟ ಹಾಗೇ, ಒಂದೊಂದೇ ಸ್ವರ ಟಕ್ ಟಕ್ ಅಂತ ಬೀಳುತ್ತವೆ.

ಇದನ್ನು ನಾನು ಜನವರಿಯಲ್ಲಿ ಕಣದಲ್ಲಿ ಕಾಫಿ ಹರವುತ್ತಾ ಕೇಳಿದ್ದು. ಬೆಳಗ್ಗೆ ಟಾರ್ಪಾಲು ತೆಗೆದು, ಹಣ್ಣನ್ನು ಸಾಲು ಸಾಲಾಗಿ ಎಳೆದು, ಮಧ್ಯಾಹ್ನದವರೆಗೆ ತಿರುವಿ ಹಾಕುತ್ತಾ ಇರಬೇಕು. ಹತ್ತಿರದಿಂದ ನೋಡಿದರೆ ಒಂದು ಕೆಂಪು, ಒಂದು ಕಂದು, ಒಂದು ಪೂರ್ತಿ ಕಪ್ಪು. ಮನೆ ಮೆಟ್ಟಿಲ ಮೇಲೆ ನಿಂತರೆ ಎಲ್ಲ ಸೇರಿ ಬೇರೆಯದೇ ಬಣ್ಣ. ಇಯರ್‌ಫೋನ್ ಹಾಕಿಕೊಂಡು ಅಲ್ಲೇ ನಿಂತುಬಿಟ್ಟೆ. ಕೆಲಸಕ್ಕೆ ಬರುವ ಅಕ್ಕ, "ಅಮ್ಮಾ, ಹಂದಿ ಬಂತಾ?" ಅಂತ ಓಡಿ ಬಂದಳು.

ನಮ್ಮಲ್ಲೂ ಹಾಡಿನ ನಾಟಕಕ್ಕೆ ದೊಡ್ಡ ಪ್ರಶಸ್ತಿ ಬಂದಿದೆ, ಮರೆಯಬಾರದು. 1991ರಲ್ಲಿ ಕಂಬಾರರ 'ಸಿರಿಸಂಪಿಗೆ'ಗೆ ಕೇಂದ್ರ ಸಾಹಿತ್ಯ ಅಕಾಡೆಮಿ. ಅವರು ತಾವೇ ಹಾಡುವವರು, ಅದು ಸರಿಹೋಯಿತು.

ಇನ್ನು 'ರೆಂಟ್'. ಜೊನಾಥನ್ ಲಾರ್ಸನ್ ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ ಮಾಡಿಕೊಂಡು, ವರ್ಷಗಟ್ಟಲೆ ಇದನ್ನು ಬರೆದ. 1996ರ ಜನವರಿ 25ರ ರಾತ್ರಿ ಮೊದಲ ಪ್ರದರ್ಶನ ಇತ್ತು. ಅವತ್ತೇ ಬೆಳಗಿನ ಜಾವ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಬಿರಿದು ಸತ್ತುಹೋದ. ಮೂವತ್ತೈದು ವರ್ಷ. ಆ ರಾತ್ರಿ ನಟರು ಸುಮ್ಮನೆ ಕೂತು ಹಾಡಿ ಮುಗಿಸೋಣ ಅಂತ ಶುರು ಮಾಡಿದರಂತೆ. ನಡುವೆ ತಡೆಯಲಾಗದೆ ಎದ್ದು ಆಡಿಯೇಬಿಟ್ಟರು. ಪುಲಿಟ್ಜರ್ ಬಂದಾಗ ಅವನಿರಲಿಲ್ಲ. ಒಂದು ವರ್ಷಕ್ಕೆ 5,25,600 ನಿಮಿಷ ಅಂತ ಲೆಕ್ಕ ಹಾಕುವ ಹಾಡು ಇದರದ್ದೇ. ನಾನು ಗುಣಿಸಿಯೂ ನೋಡಿದೆ, ಸರಿಯಾಗಿದೆ.

ಮೊನ್ನೆ ಆ ಹಾಡನ್ನು ಅಪ್ಪನಿಗೆ ಕೇಳಿಸಿದೆ. ಎಂಬತ್ತಾರು ವರ್ಷ, ಕಿವಿ ಮಂದ. ದೊಡ್ಡ ಹೆಡ್‌ಫೋನ್ ಹಾಕಿದರೆ ಸ್ವಲ್ಪ ಕೇಳುತ್ತೆ. ಶುರುವಿನಲ್ಲಿ ಬರೀ ಪಿಯಾನೋ. ಕಂಬಳಿ ಮೇಲೆ ಅಪ್ಪನ ಬೆರಳು ಆಡತೊಡಗಿತು, ಪಾದವೂ ತಿದಿ ಒತ್ತಿದ ಹಾಗೆ ಮೆಲ್ಲಗೆ ಮೇಲೆ ಕೆಳಗೆ.

"ಬಿಳಿ ನಾಲ್ಕು" ಅಂದರು, ಶ್ರುತಿ ಹಿಡಿದು. ಪೂರ್ತಿ ಕೇಳಿದರು. ಹೆಡ್‌ಫೋನ್ ತೆಗೆಯುತ್ತಾ, "ಪೆಟ್ಟಿಗೆಯವನು ಚೆನ್ನಾಗಿ ನುಡಿಸ್ತಾನೆ. ಯಾರವನು?"

ನಾನು ಬರೆದವನ ಹೆಸರು ಹೇಳಿದೆ.

"ಅವನಲ್ಲಮ್ಮ. ನುಡಿಸಿದವನು."

ಗೊತ್ತಿರಲಿಲ್ಲ. ಇಷ್ಟು ವರ್ಷ ಕೇಳಿದ್ದೇನೆ, ಒಂದು ಸಲವೂ ನೋಡಿರಲಿಲ್ಲ. ಫೋನಿನಲ್ಲಿ ಹುಡುಕಿದೆ. ಟಿಮ್ ವೈಲ್ ಅಂತ ಸಿಕ್ಕಿತು. ಎರಡು ಸಲ ಕೂಗಿ ಹೇಳಬೇಕಾಯಿತು.